ಡಾಫ್ನಿಗೆ ಮಾಮೂಲಿ ಟೋಸ್ಟು

೧

ಎಲ್ಲಿಂದ ಶುರು ಮಾಡಲಿ? ಬ್ರೆಡ್ಡಿನಿಂದಲೋ, ಅದರ ಮೇಲೆ ಹಚ್ಚುವುದರಿಂದಲೋ? ಜನ ಯುದ್ಧದ ಕತೆ ಬರೆಯುತ್ತಾರೆ, ಪ್ರೇಮದ ಕತೆ ಬರೆಯುತ್ತಾರೆ. ನಾನು ಟೋಸ್ಟಿನ ಕತೆ ಬರೆಯಲು ಕೂತು ಎರಡು ಡ್ರಾಫ್ಟ್ ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ಸ್ಪೇನಿನ ಮಾಲಗಾದ ಬೆಟ್ಟಗಳ ಹಿಂದೆ ಸೂರ್ಯ ಹುಟ್ಟುತ್ತಿದ್ದ. ಈ ಬೆಟ್ಟಗಳ ಹಿಂದೆ ಸೂರ್ಯನನ್ನು ಹುಟ್ಟಿಸದ ಬರಹಗಾರನೇ ಇಲ್ಲ, ಓದಿಕೊಂಡಾಗ ನನಗೇ ನಾಚಿಕೆಯಾಯಿತು. ಎರಡನೆಯದರಲ್ಲಿ ನಮ್ಮ ಬೀದಿಯ ಡಾಫ್ನಿ ಪಿಕರ್ಸ್‌ಗಿಲ್ ಕಿಟಕಿಯ ಬಳಿ ನಿಂತು, ತನ್ನ ಇಂಗ್ಲೆಂಡನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನಿಲ್ಲಿಸಿದವಳು ಡಾಫ್ನಿಯೇ.

"ನಾನ್ಯಾವಾಗಪ್ಪ ಅತ್ತೆ? ಅಲ್ಲಿದ್ದಾಗ ಮೊಣಕಾಲು ನೋವು. ಇಲ್ಲಿ ಬಿಸಿಲಿಗೆ ಅದೂ ಹೋಯ್ತು. ಅಳ್ಸೋಕೆ ಬೇರೆ ಯಾರನ್ನಾದ್ರೂ ನೋಡ್ಕೋ."

ಪಾತ್ರಗಳು ಹೀಗೆ ಮುಖದ ಮೇಲೆ ಹೊಡೆದಂತೆ ಮಾತಾಡಿದರೆ ಕತೆಗಾರ ಬಾಯಿ ಮುಚ್ಚಿಕೊಂಡು ತಿದ್ದಬೇಕಾಗುತ್ತದೆ. ತಿದ್ದಿದೆ.

೧ (ತಿದ್ದಿದ್ದು)

ಡಾಫ್ನಿ ಸುಖವಾಗಿದ್ದಳು, ಒಂದು ಕೊರತೆ ಬಿಟ್ಟರೆ.

ಯಾರ್ಕ್‌ಷೈರಿನಲ್ಲಿ ಶಾಲೆಯ ಬಸ್ಸು ಓಡಿಸಿ, ನಿವೃತ್ತಿಯಾದ ಮೇಲೆ ಈ ಊರಿಗೆ ಬಂದು ನೆಲೆಸಿದವಳು. ಮದುವೆಯ ಗೊಡವೆಗೆ ಹೋದವಳಲ್ಲ. ಸ್ಪ್ಯಾನಿಶ್ ಕಲಿತಿದ್ದಳು, ಜಗಳವಾಡುವಷ್ಟು ಅಲ್ಲದಿದ್ದರೂ ಕ್ಷಮೆ ಕೇಳುವಷ್ಟು. ದಿನಾ ಬೆಳಿಗ್ಗೆ ರೆಮೆದಿಯೋಸಳ ಬಾರಿಗೆ ಹೋಗುತ್ತಿದ್ದಳು. (ಬಾರ್ ಎಂದಕೂಡಲೇ ಮೂಗು ಮುರಿಯಬೇಡಿ. ಬೆಳಿಗ್ಗೆ ಅಲ್ಲಿ ಕಾಫಿ, ಟೋಸ್ಟು, ಊರಿನ ಸುದ್ದಿ ಮಾತ್ರ.)

ರೆಮೆ ಎಂದೇ ಎಲ್ಲರೂ ಕರೆಯುವ ಅವಳ ಬಾರಿನಲ್ಲಿ ಒಂದು ಪದ್ಧತಿ. ನೀವು ಹೊಸ್ತಿಲು ದಾಟುವುದೇ ತಡ, ಅವಳು ಅಡಿಗೆಮನೆಯಲ್ಲಿರುವ ಗಂಡನಿಗೆ ಕೂಗುತ್ತಾಳೆ: "ಅಪ್ಪಂಗೆ ಮಾಮೂಲಿ!" ಅಪ್ಪ ಅಂದರೆ ಅವಳ ತಂದೆ ಫ್ರಾಸ್ಕೀತೊ. ಅವನದು ಮೊಲ್ಯೆತೆ ಎಂಬ ಮೆತ್ತನೆಯ ಬನ್ನು, ಸುಟ್ಟು, ಬೆಳ್ಳುಳ್ಳಿ ತಿಕ್ಕಿ, ತನ್ನದೇ ಮರಗಳ ಆಲಿವ್ ಎಣ್ಣೆ ಸುರಿದದ್ದು. "ಔಷಧಿ ಅಂಗಡಿಯವಳಿಗೆ ಮಾಮೂಲಿ!" ಅವಳದು ಟೊಮೆಟೊ, ಬೆಳ್ಳುಳ್ಳಿ ಇಲ್ಲದೆ. ಕೇಳುವುದಿಲ್ಲ, ಹೇಳುವುದಿಲ್ಲ, ತಟ್ಟೆ ಬಂದು ಮುಂದೆ ಕೂರುತ್ತದೆ. ನೀವು ಈ ಊರಿನವರು ಎನ್ನುವುದಕ್ಕೆ ನಗರಸಭೆಯ ಯಾವ ಚೀಟಿಯೂ ಇದರ ಸಮಕ್ಕೆ ಬರುವುದಿಲ್ಲ.

ಡಾಫ್ನಿ ಹೊಸ್ತಿಲು ದಾಟಿದರೆ ಮಾತ್ರ ರೆಮೆ ಕೌಂಟರು ಒರೆಸುತ್ತಾ ಕೇಳುತ್ತಿದ್ದಳು: "ಸೆನ್ಯೋರಾ, ನಿಮಗೇನು ಕೊಡ್ಲಿ?"

ವರ್ಷಗಳು ಕಳೆದರೂ ಅದೇ ಪ್ರಶ್ನೆ. ಡಾಫ್ನಿಗೆ ಪ್ರತಿ ಬೆಳಿಗ್ಗೆ ಎದೆಯಲ್ಲಿ ಸಣ್ಣಗೆ ಚುಚ್ಚುತ್ತಿತ್ತು. ಒಂದು ದಿನ, ಒಂದೇ ಒಂದು ದಿನ, ತನ್ನ ಹೆಸರಿನಲ್ಲೂ ಮಾಮೂಲಿ ಎಂದು ಕೂಗಿಸಿಕೊಳ್ಳಬೇಕು ಎಂದು ಅವಳಿಗೆ ಆಸೆ. ಇಷ್ಟೇ ಕತೆ. ಇಷ್ಟಕ್ಕೇ ಕತೆಯೇ ಎನ್ನುವವರು ಪರದೇಶದಲ್ಲಿ ಬದುಕಿದವರಲ್ಲ.

೨

ತಪ್ಪು ಯಾರದು? ರೆಮೆಯದಂತೂ ಅಲ್ಲ. ಡಾಫ್ನಿ ಕೂತಕೂಡಲೇ ಪಕ್ಕದವರ ತಟ್ಟೆ ನೋಡುತ್ತಿದ್ದಳು, ಬೆರಳು ತೋರಿಸಿ "ನನಗೂ ಅದೇ" ಎನ್ನುತ್ತಿದ್ದಳು. ಒಂದು ದಿನ ಬೆಳ್ಳುಳ್ಳಿ. ಒಂದು ದಿನ ಟೊಮೆಟೊ. ಒಂದು ದಿನ ಕೆಂಪು ಮೆಣಸು ಬೆರೆಸಿದ ಹಂದಿಕೊಬ್ಬು, ಅದು ಮಧ್ಯಾಹ್ನದವರೆಗೂ ತೇಗಿನಲ್ಲಿ ಬರುತ್ತಿತ್ತು. ಊರಿನವರು ತಿನ್ನುವುದನ್ನು ತಿಂದರೆ ಊರಿನವಳಾಗುತ್ತೇನೆ ಎಂದು ಅವಳ ಲೆಕ್ಕಾಚಾರ. ಊರಿನವರು ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನೇ ಹಟ ಹಿಡಿದು ತಿನ್ನುತ್ತಾರೆ ಎನ್ನುವುದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಅವಳಿಗೆ ಬೇಕಾದದ್ದೇ ಬೇರೆ. ಚೌಕಾಕಾರದ ಸ್ಲೈಸ್ ಬ್ರೆಡ್ಡು ಗರಿಗರಿಯಾಗಿ ಸುಡಬೇಕು. ಪೂರಾ ತಣ್ಣಗಾಗಬೇಕು. ಮೇಲೆ ಗಟ್ಟಿ ಬೆಣ್ಣೆ, ಅದರ ಮೇಲೆ ಮಾರ್ಮಲೇಡು, ಅಂದರೆ ಸಿಪ್ಪೆಸಮೇತ ಕುದಿಸಿದ ಕಹಿ ಕಿತ್ತಳೆಯ ಜಾಮು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

(ಹೊರದೇಶದಿಂದ ಬಂದು ಇಲ್ಲಿ ನೆಲೆಸಿದ ಎಲ್ಲರ ಮನೆಯಲ್ಲೂ ಇಂಥದೊಂದು ಗುಟ್ಟಿದೆ. ಮೇಲಿನ ಬೀದಿಯ ಡಚ್ಚರವನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕೊಲೇಟಿನ ಕಾಳು ಉದುರಿಸಿಕೊಳ್ಳುತ್ತಾನೆ, ಅರವತ್ತು ದಾಟಿದವನು. ಫಿನ್ಲೆಂಡಿನ ದಂಪತಿ ಊರಿಗೆ ಹೋಗಿ ಬಂದಾಗಲೆಲ್ಲ ಸೂಟ್‌ಕೇಸಿನ ತುಂಬ ಕಪ್ಪು ರೈ ಬ್ರೆಡ್ಡು. ಈ ಕತೆ ಬರೆಯುವವನ ಕೋಟಿನ ಜೇಬಿನಲ್ಲಿ ಏನಿದೆ ಎನ್ನುವುದು ಈ ಕತೆಗೆ ಸಂಬಂಧಿಸಿದ್ದಲ್ಲ.)

"ಸಂಬಂಧ ಇದೆ," ಅಂದಳು ಡಾಫ್ನಿ. "ಹೇಳು. ನನ್ನ ಗುಟ್ಟು ಮಾತ್ರ ಬೀದಿಗೆ ತರ್ತೀಯಾ?"

ಚಟ್ನಿಪುಡಿ. ಆಯಿತೇ? ಮೊಲ್ಯೆತೆ ಮೇಲೆ ಎಣ್ಣೆ ಸುರಿಸಿಕೊಂಡು, ರೆಮೆ ಅತ್ತ ತಿರುಗಿದಾಗ ಮೇಜಿನ ಕೆಳಗೆ ಡಬ್ಬಿ ತೆಗೆಯುತ್ತೇನೆ. ಮುಂದಕ್ಕೆ ಹೋಗೋಣ.

೪ (ಮೂರನ್ನು ಡಾಫ್ನಿ ತೆಗೆಸಿದಳು)

ಮೂರರಲ್ಲಿ ಡಾಫ್ನಿಯ ಅಕ್ಕ ಇಂಗ್ಲೆಂಡಿನಿಂದ ಮಾರ್ಮಲೇಡಿನ ಪಾರ್ಸೆಲು ಕಳಿಸಿ, ಅದು ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡು, ಪುಟಗಟ್ಟಲೆ ರಂಪವಾಗಿತ್ತು. ನನಗೆ ಬಹಳ ಇಷ್ಟವಾದ ಭಾಗ.

"ನಂಗೆ ಅಕ್ಕನೇ ಇಲ್ಲ," ಅಂದಳು ಡಾಫ್ನಿ. "ಮತ್ತೆ ಪಾರ್ಸೆಲ್ ಯಾಕೆ? ಬೀದಿ ತುಂಬ ಹಣ್ಣು ಬಿದ್ದಿಲ್ವಾ?"

ಬಿದ್ದಿತ್ತು. ಜನವರಿಯಲ್ಲಿ ಊರಿನ ನಡುವಿನ ಚೌಕದ ಸುತ್ತಲಿನ ಮರಗಳೆಲ್ಲ ಕಹಿ ಕಿತ್ತಳೆಯಿಂದ ಜಗ್ಗುತ್ತವೆ, ಯಾರೂ ಮುಟ್ಟುವುದಿಲ್ಲ. ಆ ವರ್ಷ ಡಾಫ್ನಿ ಬುಟ್ಟಿ ಹಿಡಿದು ಹೊರಟಳು. ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಫ್ರಾಸ್ಕೀತೊ ಎದ್ದು ನಿಂತ.

"ಏ ತಾಯಿ, ಅದನ್ನ ಕತ್ತೆ ಕೂಡ ಮೂಸಲ್ಲ! ಅದು ನೋಡೋಕೆ ಇಟ್ಟಿರೋ ಹಣ್ಣು."

"ನಮ್ಮೂರಲ್ಲಿ ಇದನ್ನ ಟೋಸ್ಟಿಗೆ ಹಚ್ಕೋತೀವಿ."

"ಲಾರಿಲಿ ತುಂಬಿ ನಿಮ್ಮ ದೇಶಕ್ಕೆ ಕಳಿಸ್ತಾರೆ ಅಂತ ಕೇಳಿದ್ದೆ. ಸೆಂಟು ಮಾಡ್ತಾರೇನೋ ಅಂದ್ಕೊಂಡಿದ್ದೆ ಕಣಮ್ಮ." ಫ್ರಾಸ್ಕೀತೊ ಶಿಲುಬೆಯ ಗುರುತು ಮಾಡಿಕೊಂಡ. "ತಿಂತೀರಾ!"

ಡಾಫ್ನಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿದಳು, ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ರಸದಲ್ಲಿ ಇಳಿಬಿಟ್ಟಳು, ಸಕ್ಕರೆ ಸುರಿದು ಕುದಿಸಿದಳು. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ದೂಡಿದಾಗ ಅದರ ಮೈ ಸುಕ್ಕುಗಟ್ಟಿತು. ಹದ ಬಂದಿತ್ತು. ಅಮ್ಮನ ಅಡಿಗೆಮನೆಯ ವಾಸನೆ ಮನೆಯಿಡೀ ತುಂಬಿಕೊಂಡಿತು, ಅವಳಿಗೆ ಹಾಡಬೇಕೆನ್ನಿಸಿ ಹಾಡಿದಳು. ಆ ಹುಮ್ಮಸ್ಸಿನಲ್ಲೇ ಮರುದಿನ ಒಂದು ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಾರಿಗೆ ಹೋದಳು.

೫

"ಸೆನ್ಯೋರಾ, ನಿಮಗೇನು ಕೊಡ್ಲಿ?"

ಡಾಫ್ನಿ ಈ ಸಲ ಯಾರ ತಟ್ಟೆಯನ್ನೂ ನೋಡಲಿಲ್ಲ. ಬಾಟಲಿಯನ್ನು ಕೌಂಟರಿನ ಮೇಲಿಟ್ಟಳು. "ಚೌಕದ ಬ್ರೆಡ್ಡು. ಚೆನ್ನಾಗಿ ಸುಟ್ಟು, ತಣ್ಣಗೆ ಮಾಡಿ. ಬೆಣ್ಣೆ. ಆಮೇಲೆ ಇದು."

"ಆಸ್ಪತ್ರೆ ಬ್ರೆಡ್ಡಾ?" ರೆಮೆ ಒರೆಸುವ ಬಟ್ಟೆ ಕೆಳಗಿಟ್ಟಳು. "ಹುಷಾರಿಲ್ವಾ ನಿಮಗೆ?"

"ಹುಷಾರಿದೀನಿ. ಬೆಳಿಗ್ಗೆ ಹೊತ್ತು ನಂಗೆ ಬೆಳ್ಳುಳ್ಳಿ ಆಗಲ್ಲ. ಯಾವತ್ತೂ ಆಗಿಲ್ಲ."

"ಮತ್ತೆ ಇಷ್ಟು ವರ್ಷ ತಿಂದ್ರಿ?"

"ನಿಮಗೆ ಬೇಜಾರಾಗಬಾರ್ದು ಅಂತ."

"ಬೇಜಾರಾ!" ರೆಮೆಯ ದನಿ ಬೀದಿಗೆ ಕೇಳಿಸಿತು. "ಔಷಧಿ ನುಂಗೋರ ಥರ ಮುಖ ಮಾಡ್ಕೊಂಡು ತಿಂತಿದ್ರಿ, ಅದನ್ನ ನೋಡಿ ನೋಡಿ ಬೇಜಾರಾಗ್ತಿತ್ತು! ನಮ್ಮಪ್ಪನ ಎಣ್ಣೆನೇ ಕೆಟ್ಟಿದೆಯೇನೋ ಅಂತ ಅವನ ಹತ್ರ ಜಗಳ ಆಡಿದೀನಿ ನಾನು!"

"ಆಡಿದಾಳೆ," ಅಂದ ಫ್ರಾಸ್ಕೀತೊ ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು. "ತಿಂಗಳು ಮಾತಾಡ್ಸಿರ್ಲಿಲ್ಲ ನನ್ನ."

ಟೋಸ್ಟು ಬಂತು, ಹೊಗೆಯಾಡುತ್ತಾ. ಬೆಣ್ಣೆ ಹಚ್ಚುವ ಮೊದಲೇ ಕರಗಿ ಹರಿಯಿತು, ಮಾರ್ಮಲೇಡು ಜಾರಿ ತಟ್ಟೆಗೆ ಬಿತ್ತು.

"ತಣ್ಣಗಾಗ್ಬೇಕಿತ್ತು," ಅಂದಳು ಡಾಫ್ನಿ ಮೆಲ್ಲಗೆ. "ಬೆಣ್ಣೆ ಹಲ್ಲಿಗೆ ಸಿಗ್ಬೇಕು."

ರೆಮೆ ಸೆಟೆದು ನಿಂತಳು. "ನೋಡಿ, ನಮ್ಮಮ್ಮ ಈ ಬಾರಲ್ಲಿ ಯಾರಿಗೂ ತಣ್ಣಗಿರೋ ಟೋಸ್ಟು ಕೊಟ್ಟಿಲ್ಲ. ನಾನೂ ಕೊಟ್ಟಿಲ್ಲ. ತಂಗಳು ಕೊಡ್ತಾಳೆ ಅಂತ ಜನ ಆಡ್ಕೊಳ್ಳಲ್ವಾ?" ಎಂದವಳೇ ಕಾಫಿ ಮಷಿನ್ನಿನ ಕಡೆ ತಿರುಗಿಬಿಟ್ಟಳು.

ಡಾಫ್ನಿ ಒದ್ದೆ ಟೋಸ್ಟನ್ನು ಅರ್ಧ ತಿಂದು, ಬಾಟಲಿಯನ್ನು ಅಲ್ಲೇ ಮರೆತು, ಮನೆಗೆ ಹೋದಳು. ಮಾಮೂಲಿ ಸಿಗುವುದಿರಲಿ, ಬಾರೇ ಕೈತಪ್ಪಿತು ಎಂದು ಅವಳಿಗೆ ಖಾತ್ರಿಯಾಯಿತು. ಮರುದಿನ ಅವಳು ಹೋಗಲಿಲ್ಲ. ಮನೆಯಲ್ಲೇ ಸುಟ್ಟು, ತಣ್ಣಗೆ ಮಾಡಿ, ಬೆಣ್ಣೆ ಹಚ್ಚಿ, ಮಾರ್ಮಲೇಡು ಹಾಕಿಕೊಂಡು ತಿಂದಳು. ಎಲ್ಲವೂ ಸರಿಯಾಗಿತ್ತು, ಆದರೂ ರುಚಿಸಲಿಲ್ಲ. ತಾನೇ ಮಾಡಿ ತಾನೇ ತಿನ್ನುವುದನ್ನು ಮಾಮೂಲಿ ಎಂದು ಕೂಗುವವರು ಯಾರು? ಅವಳಿಗೆ ತುಂಬಾ ಬೇಸರವಾಯಿತು.

("ಕಣ್ಣೊರೆಸಿಕೊಂಡಳು ಅಂತ ಹಾಕ್ಲಾ?" ಎಂದು ಕೇಳಿದೆ. "ಬೇಡ," ಅಂದಳು. ಸ್ವಲ್ಪ ತಡೆದು ಅಂದಳು.)

೬, ಮುಗಿಸುವ ಪ್ರಯತ್ನಗಳು

ಓದುಗರೇ, ಇಲ್ಲಿ ನನ್ನ ಕೈಯಲ್ಲಿ ಎರಡು ಮುಕ್ತಾಯಗಳಿದ್ದವು. ಒಂದರಲ್ಲಿ ಊರಿನ ಹಬ್ಬದ ದಿನ ಚೌಕದಲ್ಲಿ ಉದ್ದನೆಯ ಮೇಜು, ಎಲ್ಲರೂ ಮಾರ್ಮಲೇಡು ಹಚ್ಚಿದ ಬ್ರೆಡ್ಡು ತಿಂದು ಡಾಫ್ನಿಯನ್ನು ಅಪ್ಪಿಕೊಳ್ಳುತ್ತಾರೆ.

"ಥೂ, ಟೀವಿ ಜಾಹೀರಾತು," ಅಂದಳು ಡಾಫ್ನಿ.

ಇನ್ನೊಂದರಲ್ಲಿ ಅವಳು ಬಾರಿಗೆ ವಾಪಸು ಹೋಗಿ, ತಲೆ ತಗ್ಗಿಸಿ, ಬೆಳ್ಳುಳ್ಳಿ ಎಣ್ಣೆಯ ಟೋಸ್ಟನ್ನೇ ತಿನ್ನಲು ಕಲಿಯುತ್ತಾಳೆ. ಗಂಭೀರವಾಗಿತ್ತು, ಬಹುಮಾನ ಬರಬಹುದಾಗಿತ್ತು. ಇದಕ್ಕೆ ತಕರಾರು ತೆಗೆದವಳು ರೆಮೆ.

"ಮತ್ತೆ ಆ ಮುಖ ನೋಡೋಕೆ ನನ್ನ ಕೈಲಾಗಲ್ಲಪ್ಪ. ನೀನು ಸುಮ್ನಿರು. ನಡೆದದ್ದು ಬರಿ."

೭, ನಡೆದದ್ದು

ಮನೆಯಲ್ಲೇ ಒಬ್ಬಳೇ ತಿಂದ ಮರುದಿನ ಡಾಫ್ನಿ ಎದುರಿನ ಫುಟ್‌ಪಾತಿನಲ್ಲಿ ಮುಖ ಆ ಕಡೆ ಮಾಡಿಕೊಂಡು ಹೋಗುತ್ತಿದ್ದಳು. ಬಾರಿನ ಬಾಗಿಲಲ್ಲಿ ನಿಂತಿದ್ದ ಫ್ರಾಸ್ಕೀತೊ ಕೂಗಿದ.

"ಏ ತಾಯಿ! ನಿನ್ನ ಬಾಟ್ಲಿ ಖಾಲಿ ಆಗ್ತಾ ಬಂತು!"

"ಯಾರು ತಿಂದ್ರು?"

"ಯಾರೋ." ಅವನ ಮೀಸೆಯಲ್ಲಿ ಕಿತ್ತಳೆ ಸಿಪ್ಪೆಯ ಎಳೆ ಸಿಕ್ಕಿಕೊಂಡಿತ್ತು. "ನಮ್ಮತ್ತೆ ಹಾಗೇ ಕಹಿ. ಆದ್ರೆ ಒಂದು ಸಲ ತಿಂದ್ರೆ ಬಿಡೋಕಾಗಲ್ಲ."

ಡಾಫ್ನಿ ರಸ್ತೆ ದಾಟಿ ಹೊಸ್ತಿಲ ಮೇಲೆ ಕಾಲಿಟ್ಟಳು. ರೆಮೆ ತಲೆಯೆತ್ತಿದಳು. ನಿಮಗೇನು ಕೊಡಲಿ ಎಂದು ಕೇಳುತ್ತಾಳೆ ಎಂದುಕೊಂಡ ಡಾಫ್ನಿ ಬಾಯಿ ತೆರೆಯುವಷ್ಟರಲ್ಲಿ ರೆಮೆ ಒಳಗೆ ತಿರುಗಿ ಕೂಗಿದಳು.

"ಡಾಫ್ನಿಗೆ ಮಾಮೂಲಿ!"

ಒಳಗಿನಿಂದ ಯಾವುದು ಎಂದು ಯಾರೂ ಕೇಳಲಿಲ್ಲ. ರೆಮೆಯ ಗಂಡ ತಟ್ಟೆ ತಂದಿಟ್ಟ. ತಟ್ಟೆಯ ಮೇಲೆ ಕಾಗದದ ಕರವಸ್ತ್ರ ಇಡುವ ತಗಡಿನ ಸ್ಟ್ಯಾಂಡು. ಕರವಸ್ತ್ರಗಳನ್ನು ತೆಗೆದು, ಅದರಲ್ಲಿ ಚೌಕದ ಬ್ರೆಡ್ಡಿನ ಎರಡು ಚೂರು ನೆಟ್ಟಗೆ ನಿಲ್ಲಿಸಿದ್ದರು. ಡಾಫ್ನಿ ಮುಟ್ಟಿ ನೋಡಿದಳು. ತಣ್ಣಗಿತ್ತು, ಗರಿಗರಿ ಇತ್ತು.

"ಇದು ಈಗ ಸುಟ್ಟಿದ್ದಲ್ಲ," ಅಂದಳು.

"ನೀವು ಬರೋ ಹೊತ್ತಿಗೆ ತಣ್ಣಗಾಗಿರ್ಬೇಕಲ್ಲ, ಮೊದಲೇ ಸುಟ್ಟು ನಿಲ್ಸಿದೀನಿ. ಮಲಗ್ಸಿದ್ರೆ ಮೆತ್ತಗಾಗುತ್ತೆ." ರೆಮೆ ಕೌಂಟರು ಒರೆಸುತ್ತಲೇ ಇದ್ದಳು. "ನಿನ್ನೇನೂ ನಿಲ್ಸಿದ್ದೆ. ನೀವೇ ಬರ್ಲಿಲ್ಲ."

ಡಾಫ್ನಿ ಆ ಸ್ಟ್ಯಾಂಡನ್ನು ತನ್ನ ಕಡೆಗೆ ಎಳೆದುಕೊಂಡಳು. ನಿನ್ನೆ ತಾನು ಮನೆಯಲ್ಲಿ ಒಬ್ಬಳೇ ಕೂತು ಅಗಿಯುತ್ತಿದ್ದ ಹೊತ್ತಿಗೆ ಇಲ್ಲಿ ತನ್ನ ಟೋಸ್ಟು ಈ ತಗಡಿನಲ್ಲಿ ನಿಂತು ಕಾಯುತ್ತಿತ್ತು. ಆಗಲೇ ಅವಳು ಊರಿನವಳಾಗಿದ್ದಳು, ಅವಳಿಗೆ ಗೊತ್ತಿರಲಿಲ್ಲ ಅಷ್ಟೆ.

"ಅದನ್ನ ಏನ್ ಮಾಡಿದ್ರಿ?" ಎಂದು ಕೇಳಿದಳು.

"ಅಪ್ಪ ತಿಂದ. ನಿಮ್ಮ ಮಾರ್ಮಲೇಡು ಹಾಕಿ, ಮೇಲೆ ಎಣ್ಣೆ ಸುರ್ಕೊಂಡು."

"ಎಣ್ಣೆನಾ!" ಅಂದಳು ಡಾಫ್ನಿ, ಮತ್ತು ಆ ಬಾರಿನಲ್ಲಿ ಮೊದಲ ಸಲ ಕ್ಷಮೆ ಕೇಳದೆ ಜಗಳಕ್ಕಿಳಿದಳು.

೮

ಅಷ್ಟರಲ್ಲಿ ರೆಮೆ ಮೂಲೆಯ ಮೇಜಿಗೆ ಬಂದು ನನ್ನ ಮೊಲ್ಯೆತೆ ಇಟ್ಟು, ಪಕ್ಕದಲ್ಲಿ ಒಂದು ಖಾಲಿ ಬಟ್ಟಲನ್ನೂ ಇಟ್ಟಳು. "ಆ ಕೆಂಪು ಪುಡಿ ಇದ್ರಲ್ಲಿ ಹಾಕ್ಕೋ. ಮೇಜಿನ ಕೆಳಗೆಲ್ಲ ಚೆಲ್ತೀಯ, ಗುಡ್ಸೋಳು ನಾನು."

ಸರಿ, ಇಲ್ಲಿಗೆ ಚುಕ್ಕೆ ಇಡೋಣ ಎಂದು ಪೆನ್ನು ಎತ್ತಿಕೊಂಡೆ. ಡಾಫ್ನಿ ಕೌಂಟರಿನಿಂದಲೇ ಕಂಡಳು.

"ಏನದು, ಮುಗಿಸ್ತಿದೀಯಾ?"

"ಹೂಂ. ನಿಂಗೆ ಬೇಕಾದ್ದು ಸಿಕ್ತಲ್ಲ."

"ಎಲ್ಲಿ ಸಿಕ್ತು? ಒಂದು ದಿನ ಕೊಟ್ರೆ ಅದು ಮಾಮೂಲಿ ಆಗುತ್ತಾ? ನೀನು ಮುಗಿಸಿಬಿಟ್ರೆ ನಾಳೆ ನಂಗೆ ಯಾರು ಕೂಗ್ತಾರೆ? ನಾಡಿದ್ದು?"

ಅವಳು ಹೇಳುವುದರಲ್ಲಿ ನ್ಯಾಯವಿದೆ. ಆದ್ದರಿಂದ ಮುಗಿಸುತ್ತಿಲ್ಲ. ಡಾಫ್ನಿ ಎರಡನೆಯ ಚೂರಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ. ಫ್ರಾಸ್ಕೀತೊ ಎಣ್ಣೆಯ ಬಾಟಲಿಯನ್ನು ಅವಳ ತಟ್ಟೆಯ ಕಡೆಗೆ ಮೆಲ್ಲಗೆ ಸರಿಸುತ್ತಿದ್ದಾನೆ, ಅವಳು ಹಿಂದಕ್ಕೆ ತಳ್ಳುತ್ತಿದ್ದಾಳೆ. ರೆಮೆ ಅಡಿಗೆಮನೆಯ ಕಡೆ ಕತ್ತು ಚಾಚಿ, ನಾಳೆಗೆ ಚೌಕದ ಬ್ರೆಡ್ಡು ಉಳಿದಿದೆಯೇ ಎಂದು ಗಂಡನನ್ನು ಕೇಳುತ್ತಿದ್ದಾಳೆ