ಎಡಗಾಲಿಯ ಕಚ್ಚುಗಳು

ಕೋಗಿಲಬನದ ದಾರಿಯಲ್ಲಿರುವ ಕುದುರೆಗಾಡಿಗಳ ಸಂಗ್ರಹಾಲಯದಲ್ಲಿ ಸತ್ತೆವ್ವ ಧೂಳು ಒರೆಸುತ್ತಾಳೆ. ಸಂಸ್ಥಾನಿಕರ ಸಾರೋಟು, ಸಾಹೇಬರ ಬಗ್ಗಿ, ಹೀಗೆ ಹದಿನಾಲ್ಕು ದಾಟಿದರೆ ಕೊನೆಯದು ಅವಳ ಗಂಡ ಸೋಮಪ್ಪನ ಟಾಂಗಾ. ದಾಂಡೇಲಿಯಲ್ಲಿ ಮಿಲ್ಲಿನ ಪಾಳಿ ಬಿಟ್ಟವರನ್ನು ಮನೆ ಮುಟ್ಟಿಸುತ್ತಿದ್ದದ್ದು. ಅವನು ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ.

ಒಂದು ಮುಂಜಾನೆ ಬಣ್ಣ ಹೊಡೆಯುವ ಬಾಳೇಶ ಡಬ್ಬಿ ಹಿಡಿದು ಬಂದ.

“ಕಾಕೂ, ಜರಾ ಸರೀರಿ. ಈ ಎಡಗಾಲಿ ಕಡ್ಡಿಯೆಲ್ಲಾ ಇಲಿ ಕಡದಂಗ ಆಗ್ಯಾವ. ಮುಚ್ಚಿ ಬಣ್ಣ ಹೊಡಿ ಅಂದಾರ ಸರ.”

“ಇಲಿ ಅಲ್ಲೋ, ನಿಮ್ಮ ಕಾಕಾ.”

ಸತ್ತೆವ್ವ ನೇರ ಮ್ಯಾನೇಜರ್ ಮಹಾಬಳೇಶ್ವರನ ಬಳಿ ಹೋದಳು. “ಸರ, ಆ ಕಚ್ಚು ಹಂಗ ಇರಲ್ರಿ. ನಮ್ಮ ಮನಿಯವರು ಎಡಚರು. ಮಂದಿ ಅಡ್ಡ ಬಂದ್ರ ಚಾಬೂಕಿನ ಹಿಡಿ ತಿರಗೂ ಗಾಲಿಗೆ ಹಿಡೀತಿದ್ರು. ಅದ ಅವರ ಹಾರನ್ನು. ಓಣಿ ತುದಿಗೆ ಆ ಸಪ್ಪಳ ಕೇಳಿದ ಮ್ಯಾಲೆ ನಾ ರೊಟ್ಟಿಗೆ ಒಲಿ ಮ್ಯಾಲೆ ಹಂಚು ಇಡ್ತಿದ್ದೆ.”

“ಹೌದೇನು? ಮಾಡಿ ತೋರಸ್ರಿ ನೋಡೂಣು.”

ಬಾಳೇಶ ಜಾಕ್ ಕೊಟ್ಟು ಗಾಲಿ ತಿರುಗಿಸಿದ. ಅವಳು ಟಾಂಗಾದಲ್ಲೇ ಸಿಗಿಸಿಟ್ಟಿದ್ದ ಚಾಬೂಕಿನ ಹಿಡಿಯನ್ನು ಕಡ್ಡಿಗಳಿಗೆ ಒಡ್ಡಿದಳು. ಟರ್ರ್ ಎಂದು ಸಪ್ಪಳವೆದ್ದು ತಗಡಿನ ಚಾವಣಿಗೆ ಬಡಿಯಿತು. ಗಾಲಿ ನಿಂತ ಮೇಲೂ ಅವಳು ಕೈ ತೆಗೆಯಲಿಲ್ಲ.

“ಬಣ್ಣ ಬ್ಯಾಡೋ ಬಾಳೇಶ,” ಎಂದ ಮಹಾಬಳೇಶ್ವರ. “ಬಂದವರಿಗೆಲ್ಲಾ ಇದನ್ನ ತೋರಸೂಣು.”

ಅವಳು ಕೈಮುಗಿದಳು.

ರವಿವಾರವಾದರೆ ಏಳೆಂಟು ಸಲ. ಬಂದವರು ಮೊಬೈಲ್ ಎತ್ತಿ, “ಅಜ್ಜಿ, ಇನ್ನೊಮ್ಮೆ,” ಎನ್ನುತ್ತಿದ್ದರು. ಮನೆಗೆ ಹೋದರೂ ಕಿವಿಯಲ್ಲಿ ಅದೇ ಸಪ್ಪಳ. ಆದರೆ ಯಾರೋ ಬರುತ್ತಿದ್ದಾರೆ ಎಂದು ಈಗ ಅನ್ನಿಸುತ್ತಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಕಪ್ಪಗೆ ನುಣುಪಾಗಿದ್ದ ಕಚ್ಚುಗಳಲ್ಲಿ ಒಳಗಿನ ಕಟ್ಟಿಗೆ ಬೆಳ್ಳಗೆ ಕಾಣತೊಡಗಿತು.

ಅವಳೇ ಬಾಳೇಶನನ್ನು ಕರೆದಳು. “ಮುಚ್ಚಿ ಬಿಡಪಾ. ಅವರ ಕಚ್ಚಿನ ಮ್ಯಾಲೆ ನನ್ನವು ಬೀಳಾಕ ಹತ್ಯಾವ.”

“ಈಗ ಸರ ಎಲ್ಲಿ ಬಿಡ್ತಾರ್ರಿ? ಬಾಗಲದಾಗ ಬೋರ್ಡ್ ಬರಸ್ಯಾರ.”

ಹೊರಗೆ ಬೆಳಗಾವಿಯಿಂದ ಬಂದ ಶಾಲೆ ಮಕ್ಕಳು ಬಸ್ಸಿನಿಂದ ಇಳಿಯುತ್ತಿದ್ದರು. ಸತ್ತೆವ್ವ ಚಾಬೂಕು ಎತ್ತಿಕೊಂಡಳು.

“ಹಂಗಾದ್ರ ಜಾಕ್ ಆ ಕಡೆ ಹಚ್ಚು,” ಎಂದಳು.

ಸೋಮಪ್ಪ ಎಂದೂ ಮುಟ್ಟದ ಬಲಗಾಲಿ ತಿರುಗಿತು. ಸಪ್ಪಳ ಬೇರೆಯೇ ಬಂತು, ಒರಟಾಗಿ. ಮಕ್ಕಳು ಚಪ್ಪಾಳೆ ತಟ್ಟಿದರು. ಇದು ಆ ಸಪ್ಪಳವಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.