ಉಪ್ಪಿನ ದಾರಿಯ ಹೇಸರಗತ್ತೆ

ನಾನು ಒಂದು ಹೇಸರಗತ್ತೆ. ತಾಯಿ ಕುದುರೆ, ತಂದೆ ಕತ್ತೆ. ಕುದುರೆಗಳು ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಕತ್ತೆಗಳು ಕಂಡರೆ ಮುಖ ತಿರುಗಿಸುತ್ತವೆ. ಮನುಷ್ಯರು ಮಾತ್ರ ನನ್ನಂಥವರನ್ನು ಬೇಕೆಂದೇ ಹುಟ್ಟಿಸುತ್ತಾರೆ, ಆಮೇಲೆ ಮೊಂಡು ಎಂದು ಬೈಯುತ್ತಾರೆ. ಪ್ರಪಾತದ ಅಂಚಿನಲ್ಲಿ ನೆಲ ನೋಡದೆ ನಾನು ಗೊರಸು ಊರುವುದಿಲ್ಲ. ಅದಕ್ಕೆ ಮೊಂಡುತನ ಎಂಬ ಹೆಸರಿದ್ದರೆ ಇರಲಿ. ಅದರಿಂದಲೇ ಇಷ್ಟು ವರ್ಷ ಬದುಕಿದ್ದೇನೆ. ನೋಡದೆ ಹೆಜ್ಜೆ ಇಟ್ಟ ಮನುಷ್ಯರು ಎಷ್ಟೋ ಮಂದಿ ನನ್ನ ಕಣ್ಣೆದುರೇ ಸತ್ತರು.

ನಾನು ಹುಟ್ಟಿದ್ದು ರೋಯಾ ನದಿಯ ಕಣಿವೆಯಲ್ಲಿ, ಆಲ್ಪ್ಸ್ ಬೆಟ್ಟಗಳು ಸಮುದ್ರದ ಕಡೆಗೆ ಇಳಿಯುವಲ್ಲಿ. ಆಗ ಇಟಲಿ ಎಂಬ ದೇಶ ಇರಲಿಲ್ಲ. ನಮ್ಮ ಕಣಿವೆ ಪೀಡ್ಮಾಂಟಿನ ರಾಜನದು. ಮಿಲಾನ್, ವೆನಿಸ್ ಆಸ್ಟ್ರಿಯಾದ ಹಿಡಿತದಲ್ಲಿದ್ದವು. ರೋಮ್ ಪೋಪರ ಕೈಯಲ್ಲಿತ್ತು, ಅವರ ಕಾವಲಿಗೆ ಫ್ರಾನ್ಸಿನ ಸೈನಿಕರಿದ್ದರು. ಇದನ್ನೆಲ್ಲ ನಾನು ಕಲಿತದ್ದು ನನ್ನ ಬೆನ್ನ ಮೇಲಿನ ಹೇರು ಬದಲಾದಂತೆಲ್ಲ. ಮೊದಲು ಹೊತ್ತದ್ದು ಉಪ್ಪು.

ನನ್ನ ಯಜಮಾನರು ಇಬ್ಬರು, ಅಣ್ಣ ತಮ್ಮ. ಅಣ್ಣ ಒನೊರಾಟೊ ಮಾತು ಕಡಿಮೆಯವನು, ನನ್ನ ಲಾಳ ಸವೆದದ್ದನ್ನು ನನಗಿಂತ ಮೊದಲು ತಿಳಿಯುತ್ತಿದ್ದವನು. ತಮ್ಮ ಬತ್ತಿಸ್ಟಾ ಬಾಯಾಳಿ. ಇಟಲಿ ಒಂದಾಗಬೇಕು ಎಂದು ಅವನು ದಾರಿಯುದ್ದಕ್ಕೂ ಭಾಷಣ ಮಾಡುವಾಗ ಕೇಳುತ್ತಿದ್ದವನು ನಾನೊಬ್ಬನೇ. ತಂದೆ ತೀರಿಹೋಗಿದ್ದರು, ಕಣಿವೆಯ ಕೆಳಗಿನ ಊರಿನಲ್ಲಿ ನಮ್ಮ ಮನೆ, ಅಲ್ಲಿಯ ಚರ್ಚಿನ ಹಿತ್ತಲಲ್ಲಿ ಅವರ ಗೋರಿ. ತಾಯಿ ಕಟೆರಿನಾ ಮೇಲಿನ ಊರಿನಿಂದ ಬಂದ ಹೆಣ್ಣು. ಇಬ್ಬರು ಮಕ್ಕಳನ್ನೂ ನನ್ನನ್ನೂ ಒಂದೇ ಗದರಿಕೆಯಲ್ಲಿ ಸಾಕಿದಳು.

ಸಮುದ್ರ ತೀರದ ನೀಸ್ ಪಟ್ಟಣದಿಂದ ಉಪ್ಪು ಹೊತ್ತು ಬೆಟ್ಟ ಹತ್ತಿ ಆಚೆ ಇಳಿಯುವುದು ನಮ್ಮ ಕೆಲಸ. ದಾರಿ ಒಂದು ಹೇಸರಗತ್ತೆ ಹಿಡಿಸುವಷ್ಟೇ ಅಗಲ. ತಿರುವಿನಲ್ಲಿ ಎದುರಿನಿಂದ ಬರುವವರು ಕಾಣುವುದಿಲ್ಲ. ಅದಕ್ಕೆ ಅಲ್ಲಿಯವರಿಗೆ ಒಂದು ಕಟ್ಟಳೆ ಇತ್ತು. ಹೇರು ಹೊತ್ತು ಬರುವವನು ತಿರುವಿಗೆ ಮೊದಲು ಕೂಗಬೇಕು. ಆಚೆ ಇರುವವನು ನಿಲ್ಲಬೇಕು, ಎತ್ತರದ ಕಲ್ಲಿನ ಮೇಲೆ ಹತ್ತಿ ಮುಖ ತೋರಿಸಬೇಕು, "ದಾರಿ ನಿಂದು" ಅನ್ನಬೇಕು. ಒಂದೊಂದು ಮನೆಗೆ ಒಂದೊಂದು ಕೂಗು. ನಮ್ಮ ಮನೆಯದು ಎತ್ತರಕ್ಕೆ ಹೋಗಿ ಎರಡು ಸಲ ಮುರಿದು ಇಳಿಯುತ್ತಿತ್ತು. ಮಕ್ಕಳಿಗೆ ಮಾತು ಬರುವ ಮೊದಲೇ ಕಟೆರಿನಾ ಅದನ್ನು ಕಲಿಸಿದ್ದಳಂತೆ. ಆ ಕೂಗು ಕೇಳಿದರೆ ನನ್ನ ಕಾಲುಗಳೂ ತಾವಾಗಿಯೇ ನಿಲ್ಲುತ್ತಿದ್ದವು.

ಸಾವಿರದ ಎಂಟುನೂರ ಐವತ್ತೊಂಬತ್ತರ ಬೇಸಿಗೆಯಲ್ಲಿ ಫ್ರಾನ್ಸಿನ ಚಕ್ರವರ್ತಿ ನಮ್ಮ ರಾಜನ ಜೊತೆ ಸೇರಿ ಆಸ್ಟ್ರಿಯಾದ ಮೇಲೆ ಯುದ್ಧಕ್ಕೆ ಇಳಿದ. ಬತ್ತಿಸ್ಟಾನನ್ನು ಹಿಡಿಯುವವರಿರಲಿಲ್ಲ. ಫ್ರಾನ್ಸ್ ಬಂತು, ಇನ್ನು ಇಟಲಿ ಆದಂತೆಯೇ ಎಂದು ಕುಣಿದಾಡಿದ. ಫ್ರೆಂಚ್ ಸೈನ್ಯಕ್ಕೆ ಸರಕು ಹೊರುವವರು ಬೇಕಾಗಿದ್ದರು. ಅಣ್ಣ ತಮ್ಮ ಇಬ್ಬರೂ ಹೊರಟರು, ನನ್ನನ್ನು ಯಾರೂ ಕೇಳಲಿಲ್ಲ.

ಸೊಲ್ಫೆರಿನೊ ಎಂಬ ಗುಡ್ಡದ ಊರು. ಬೆಳಿಗ್ಗೆಯೇ ನೆಲ ಕಾದಿತ್ತು. ನನ್ನ ಬೆನ್ನ ಎರಡೂ ಬದಿಗೆ ಬಂದೂಕಿನ ತೋಟಾ ಪೆಟ್ಟಿಗೆ ಕಟ್ಟಿ ಗುಡ್ಡ ಹತ್ತಿಸಿದರು. ಮೇಲೆ ಪೆಟ್ಟಿಗೆ ಇಳಿಸಿ ಕಬ್ಬಿಣದ ಕುರ್ಚಿ ಕಟ್ಟಿದರು, ಬದಿಗೊಬ್ಬ ಗಾಯಾಳುವನ್ನು ಕೂರಿಸಿ ಕೆಳಗಿಳಿಸಿದರು. ಹೀಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಒಬ್ಬನಿಗೆ ಕೆಳದವಡೆಯೇ ಇರಲಿಲ್ಲ, ಆದರೂ ನೀರು ಕೇಳುತ್ತಿದ್ದ. ಇನ್ನೊಬ್ಬ ತನ್ನ ಕರುಳನ್ನು ಟೋಪಿಯಲ್ಲಿ ಹಿಡಿದುಕೊಂಡು ಕೂತಿದ್ದ. ಅರ್ಧ ದಾರಿಯಲ್ಲಿ ಒಂದು ಬದಿಯವನು ಸತ್ತರೆ ಭಾರ ಓರೆಯಾಗಿ ನನಗೆ ತಿಳಿಯುತ್ತಿತ್ತು. ದಾರಿಯ ಮೇಲೆ ಹೆಣಗಳು ಎಷ್ಟಿದ್ದವು ಎಂದರೆ ನೆಲ ನೋಡಿ ಕಾಲಿಡುವ ನನಗೂ ನೆಲ ಸಿಗಲಿಲ್ಲ. ಒಬ್ಬನ ಕೈಯನ್ನು ತುಳಿದೆ, ಅವನಿನ್ನೂ ಬದುಕಿದ್ದ.

ಆ ದಿನ ನಾವು ಇಳಿಸಿದವರಲ್ಲಿ ಗೊಬೆರ್ ಎಂಬ ಫ್ರೆಂಚ್ ಸಾರ್ಜೆಂಟ್ ಇದ್ದ. ತೊಡೆಗೆ ಗುಂಡು ತಗುಲಿತ್ತು. ಗುಂಡಿನ ಮಳೆಯಲ್ಲಿ ಅವನನ್ನು ಹೊತ್ತು ತಂದು ನನ್ನ ಮೇಲೆ ಕೂರಿಸಿದವನು ಬತ್ತಿಸ್ಟಾ. ಕೆಳಗೆ ಬಂದ ಮೇಲೆ ಗೊಬೆರ್ ತನ್ನ ಬ್ರಾಂದಿಯನ್ನು ಅವನಿಗೆ ಕುಡಿಸಿ, ನಾವಿನ್ನು ಒಂದೇ ತಾಯಿಯ ಮಕ್ಕಳು ಎಂದ. ಬತ್ತಿಸ್ಟಾ ಅತ್ತುಬಿಟ್ಟ. ನನಗೆ ಒಂದು ಹಿಡಿ ಓಟ್ಸ್ ಸಿಕ್ಕಿತು.

ತಿಂಗಳು ತುಂಬುವುದರೊಳಗೆ ಚಕ್ರವರ್ತಿ ಆಸ್ಟ್ರಿಯಾದ ಜೊತೆ ರಾಜಿಯಾದ. ಮಿಲಾನ್ ಸಿಕ್ಕಿತು, ವೆನಿಸ್ ಆಸ್ಟ್ರಿಯಾದ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಬಲಿಷ್ಠವಾದ ಇಟಲಿಯೊಂದು ಎದ್ದು ನಿಲ್ಲುವುದು ಅವನಿಗೆ ಬೇಕಿರಲಿಲ್ಲ ಎಂದು ಜನ ಆಡಿಕೊಂಡರು. ಮರುವರ್ಷ, ಮಧ್ಯ ಇಟಲಿಯ ಸಂಸ್ಥಾನಗಳು ನಮ್ಮ ರಾಜನನ್ನು ಸೇರುವುದಕ್ಕೆ ಚಕ್ರವರ್ತಿ ಒಪ್ಪಿಗೆ ಕೊಟ್ಟ. ಒಪ್ಪಿಗೆಗೆ ಪ್ರತಿಯಾಗಿ ಸವಾಯ್ ಪ್ರಾಂತ್ಯವನ್ನೂ ನಮ್ಮ ನೀಸ್ ಸೀಮೆಯನ್ನೂ ಫ್ರಾನ್ಸಿಗೆ ತೆಗೆದುಕೊಂಡ. ಜನರ ಮತ ಕೇಳಿದ ಶಾಸ್ತ್ರವೂ ಆಯಿತು. ನಮ್ಮ ಕೆಳಗಿನ ಊರಿನಲ್ಲಿ 'ಹೌದು' ಎಂಬ ಚೀಟಿ ರಾಶಿ ಬಿದ್ದಿತ್ತು, 'ಇಲ್ಲ' ಎಂಬುದು ಹುಡುಕಿದರೂ ಸಿಗಲಿಲ್ಲ. ಕಣಿವೆಯ ಮೇಲರ್ಧವನ್ನು ಮಾತ್ರ ನಮ್ಮ ರಾಜ ಬಿಟ್ಟುಕೊಡಲಿಲ್ಲ. ಅಲ್ಲಿ ಅವನು ಬೇಟೆಯಾಡುತ್ತಿದ್ದನಂತೆ.

ಹೀಗೆ ಉಪ್ಪಿನ ದಾರಿಯ ನಡುವೆ ಸುಂಕದ ಕಟ್ಟೆ ಬಂತು. ಕೆಳಗಿನ ಊರು ಫ್ರಾನ್ಸ್, ಮೇಲಿನ ಊರು ಇಟಲಿ. ಬತ್ತಿಸ್ಟಾ ತಾಯಿಯನ್ನು ಕರೆದುಕೊಂಡು ಅವಳ ತವರಿಗೆ ಹತ್ತಿಹೋದ. ಒನೊರಾಟೊ ತಂದೆಯ ಮನೆ ಬಿಡಲಿಲ್ಲ. ಬೇರೆಯಾಗುವ ದಿನ ಅಣ್ಣ ತಮ್ಮ ಜಗಳವಾಡಿದರು, ಗೋಡೆಗೆ ತಲೆ ಜಜ್ಜುವಷ್ಟು ಹೊಡೆದಾಡಿದರು. ಅಪ್ಪನ ಗೋರಿಯ ಕಲ್ಲಿಗೋಸ್ಕರ ನೀನು ದೇಶ ಮಾರಿಕೊಂಡೆ ಎಂದು ತಮ್ಮ ಬೈದ. ಅಣ್ಣ ಹರಿದ ತುಟಿ ಒರೆಸಿಕೊಂಡು ನನ್ನ ಮೈ ತಿಕ್ಕತೊಡಗಿದ. ಆ ದಿನ ತುಂಬಾ ಹೊತ್ತು ತಿಕ್ಕಿದ.

ಆಮೇಲೆ ಬತ್ತಿಸ್ಟಾ, ಇಟಲಿಯನ್ನು ಒಂದು ಮಾಡಲು ಹೋರಾಡುತ್ತಿದ್ದ ಗ್ಯಾರಿಬಾಲ್ಡಿಯ ಕೆಂಪಂಗಿ ಪಡೆ ಸೇರಿದ ಎಂದು ಸುದ್ದಿ ಬಂತು. ವೆನಿಸ್ ಕೂಡ ಇಟಲಿಗೆ ಸೇರಿತು. ಉಳಿದದ್ದು ರೋಮ್. ಫ್ರಾನ್ಸಿನ ಸೈನ್ಯ ಅಲ್ಲಿಂದ ಒಮ್ಮೆ ಹೊರಟುಹೋಗಿತ್ತು. ಅರವತ್ತೇಳರ ಶರತ್ಕಾಲದಲ್ಲಿ ಕೆಂಪಂಗಿಯವರು ರೋಮಿನತ್ತ ನುಗ್ಗಿದ್ದೇ ತಡ, ಪೋಪರನ್ನು ಉಳಿಸಲು ಆ ಸೈನ್ಯ ಹಡಗು ಹತ್ತಿ ಮತ್ತೆ ಅಲ್ಲಿಗೇ ಹೊರಟಿತು. ಗೊಬೆರ್ ಆ ಪಡೆಯಲ್ಲೇ ಇದ್ದ. ಬೆಟ್ಟದ ಹೇಸರಗತ್ತೆಗಳು ಬೇಕೆಂದು ನೆನಪಿಟ್ಟು ಒನೊರಾಟೊನಿಗೆ ಹೇಳಿ ಕಳಿಸಿದ.

ಒನೊರಾಟೊ ಹೋಗುವುದಿಲ್ಲ ಎಂದವನೇ. ಆದರೆ ಕಟೆರಿನಾ ಸುಂಕದ ಕಟ್ಟೆಗೆ ಇಳಿದು ಬಂದಳು. ಎಷ್ಟೋ ವರ್ಷಗಳ ಮೇಲೆ ನನ್ನ ಹಣೆ ಸವರಿದಳು. ಮಗನ ಮುಖ ನೋಡಲಿಲ್ಲ.

"ಅವನು ಅಲ್ಲಿರ್ತಾನೆ. ಯಾವ ಸೈನ್ಯದ ಜೊತೆ ಹೋಗ್ತೀಯೋ ನಂಗೆ ಬೇಡ. ತಮ್ಮನ್ನ ಮನೆಗೆ ಕರ್ಕೊಂಡು ಬಾ."

ಅದೊಂದಕ್ಕೇ ಒನೊರಾಟೊ ಹೊರಟ. ಹಡಗಿನಲ್ಲಿ ನನ್ನ ಕತ್ತು ತಬ್ಬಿಕೊಂಡು ಮಲಗುತ್ತಿದ್ದ. ತಮ್ಮ ಕಂಡರೆ ಏನು ಹೇಳಬೇಕು, ಹೇಗೆ ಜೊತೆಗೆ ಹೊರಡಿಸಬೇಕು ಎಂದು ನನ್ನ ಕಿವಿಯಲ್ಲೇ ಅಭ್ಯಾಸ ಮಾಡುತ್ತಿದ್ದ.

ಮೆಂಟಾನಾ ರೋಮಿನ ಹೊರಗಿನ ಸಣ್ಣ ಊರು, ಸುತ್ತ ದ್ರಾಕ್ಷಿ ತೋಟ. ಮಳೆ ಬಂದು ನೆಲ ಕೆಸರಾಗಿತ್ತು. ಮೊದಲು ಪೋಪರ ಸೈನ್ಯ ಕಾದಿತು, ಅದು ಸುಸ್ತಾದಾಗ ಫ್ರೆಂಚರು ಮುಂದೆ ಬಂದರು. ಅವರ ಕೈಯಲ್ಲಿ ಹೊಸ ಬಂದೂಕು. ಸೊಲ್ಫೆರಿನೊದಲ್ಲಿ ಒಂದು ಗುಂಡು ಹಾರಿಸಿದರೆ ಮತ್ತೆ ತುಂಬುವವರೆಗೆ ಉಸಿರಾಡಲು ಹೊತ್ತಿರುತ್ತಿತ್ತು. ಈ ಬಂದೂಕಿಗೆ ಆ ಬಿಡುವೂ ಬೇಡ. ಕೆಂಪಂಗಿಯವರು ಹಳೆಯ ಕೋವಿ ಹಿಡಿದು ಹುಲ್ಲಿನ ಬಣವೆಗಳ ಹಿಂದಿನಿಂದ ಎದ್ದು ಬರುತ್ತಿದ್ದರು, ಎದ್ದಲ್ಲೇ ಬೀಳುತ್ತಿದ್ದರು. ಹದಿನೆಂಟು ದಾಟದ ಮುಖಗಳು ಕೆಸರಿನಲ್ಲಿ ಬಾಯಿ ತೆರೆದು ಬಿದ್ದಿದ್ದವು. ಒನೊರಾಟೊ ಪ್ರತಿಯೊಂದು ಹೆಣದ ಮುಖವನ್ನೂ ತಿರುಗಿಸಿ ನೋಡುತ್ತ ನನ್ನನ್ನು ನಡೆಸಿದ. ಅವನ ಕೈ ಮೊಣಕೈವರೆಗೆ ಕೆಂಪಾಗಿತ್ತು.

ಗೊಬೆರನ ತುಕಡಿಗೆ ತೋಟಾ ಮುಗಿಯುತ್ತ ಬಂದಿತ್ತು. ಎರಡು ದ್ರಾಕ್ಷಿ ತೋಟಗಳ ಕಲ್ಲುಗೋಡೆಗಳ ನಡುವೆ ತಗ್ಗಿನ ಓಣಿ, ನಾನು ಹಿಡಿಸುವಷ್ಟೇ ಅಗಲ. ಮುಂದೆ ತಿರುವು, ಆಚೆ ಏನೂ ಕಾಣದು. ನನ್ನ ಬೆನ್ನ ತುಂಬ ತೋಟಾ ಹೇರು. ಅವನ ಸೈನಿಕರು ನಮ್ಮನ್ನು ಮುಂದೆ ಬಿಟ್ಟು, ಹಿಂದೆ ಗೋಡೆಗೆ ಒರಗಿ ಬಂದೂಕು ಹಿಡಿದು ನಿಂತಿದ್ದರು.

ಒನೊರಾಟೊ ಯೋಚಿಸಿ ಕೂಗಲಿಲ್ಲ. ಹುಟ್ಟಿದಂದಿನಿಂದ ಅಂಥ ತಿರುವಿನಲ್ಲಿ ಅವನು ಕೂಗದೆ ಮುಂದೆ ಹೋದವನಲ್ಲ. ಬಾಯಿಂದ ಅದು ತಾನಾಗಿಯೇ ಬಂತು, ಎತ್ತರಕ್ಕೆ ಹೋಗಿ ಎರಡು ಸಲ ಮುರಿಯಿತು. ನನ್ನ ಕಾಲುಗಳು ನಿಂತವು.

ತಿರುವಿನ ಆಚೆ ಗೋಡೆಯ ಮೇಲೆ ಒಂದು ಕೆಂಪಂಗಿ ಎದ್ದು ನಿಂತಿತು. ಗಡ್ಡ ಬೆಳೆದಿತ್ತು, ಹಣೆಗೆ ಬಟ್ಟೆ ಕಟ್ಟಿತ್ತು. ಅವನೂ ಯೋಚಿಸಲಿಲ್ಲ. ಪೂರ್ತಿ ಎತ್ತರಕ್ಕೆ ನಿಂತು ಮುಖ ತೋರಿಸಿದ.

"ದಾರಿ ನಿಂದು," ಎಂದ ಬತ್ತಿಸ್ಟಾ.

ನನ್ನ ಹಿಂದಿನ ಬಂದೂಕುಗಳೆಲ್ಲ ಒಟ್ಟಿಗೇ ಸಿಡಿದವು. ಒಂದು ಗುಂಡು ನನ್ನ ಎಡಗಿವಿಯನ್ನು ಹರಿದುಕೊಂಡು ಹೋಯಿತು. ಅವನು ಹಿಂದಕ್ಕೆ ಬೀಳಲಿಲ್ಲ, ಮುಂದಕ್ಕೆ ಓಣಿಯೊಳಗೇ ಬಿದ್ದ, ನನ್ನ ಮುಂಗಾಲಿನ ಹತ್ತಿರ. ಎದೆ, ಹೊಟ್ಟೆ, ಕತ್ತು ಎಲ್ಲ ತೂತು. ನಾನು ಮೂಸಿ ನೋಡಿದೆ. ರಕ್ತದ ಅಡಿಯಲ್ಲಿ ಅವನದೇ ವಾಸನೆ ಇತ್ತು.

ಗೊಬೆರ್ ಓಡಿ ಬಂದು ಒನೊರಾಟೊನ ಬೆನ್ನು ತಟ್ಟಿದ. ಶತ್ರುವನ್ನು ಎಬ್ಬಿಸಿ ನಿಲ್ಲಿಸಲು ಒಳ್ಳೇ ಉಪಾಯ ಮಾಡಿದೆ ಎಂದು ಹೊಗಳಿದ. ಒನೊರಾಟೊ ಮಂಡಿಯೂರಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಇವನು ನನ್ನ ತಮ್ಮ. ಸೊಲ್ಫೆರಿನೊದಲ್ಲಿ ನಿನ್ನ ಹೊತ್ತು ತಂದವನು."

ಗೊಬೆರ್ ಬಗ್ಗಿ ಮುಖ ನೋಡಿದ. ಟೋಪಿ ತೆಗೆದ. ಮತ್ತೆ ಟೋಪಿ ಹಾಕಿಕೊಂಡು, ತೋಟಾ ಪೆಟ್ಟಿಗೆ ಬೇಗ ಇಳಿಸಬೇಕು ಎಂದ. ಸೈನಿಕರು ಬಂದು ಇಳಿಸಿಕೊಂಡರು. ಆ ಹೊತ್ತಿನಲ್ಲಿ ನನಗೆ ಕೈಗಳಿಲ್ಲದ್ದಕ್ಕೆ ಸಂಕಟವಾಯಿತು. ಹಿಂಗಾಲುಗಳಿದ್ದವು. ಒಬ್ಬನ ಮೊಣಕಾಲು ಮುರಿದೆ. ಬಂದೂಕಿನ ಹಿಡಿಯಿಂದ ನನ್ನ ಪಕ್ಕೆಲುಬು ಮುರಿದರು.

ಒನೊರಾಟೊ ತಮ್ಮನನ್ನು ಆ ಗೋಡೆಯ ಬುಡದಲ್ಲೇ ಹೂಳಿದ. ಅಂದಿನಿಂದ ಅವನು ಕೂಗುವುದನ್ನು ಬಿಟ್ಟ. ತಿರುವು ಬಂದರೆ ತಾನೇ ಮುಂದೆ ನಡೆದು ನೋಡಿ ಬಂದು ನನ್ನನ್ನು ಕರೆದೊಯ್ಯುತ್ತಿದ್ದ. ತಾಯಿಗೆ, ಯುದ್ಧದಲ್ಲಿ ಹೋದ ಎಂದಷ್ಟೇ ಹೇಳಿ ಕಳಿಸಿದ.

ಎಪ್ಪತ್ತರಲ್ಲಿ ಫ್ರಾನ್ಸಿಗೆ ಪ್ರಷ್ಯಾದ ಜೊತೆ ಯುದ್ಧ ಬಂತು. ತನ್ನ ಮನೆಗೇ ಬೆಂಕಿ ಬಿದ್ದಾಗ ಅದು ರೋಮಿನ ಕಾವಲು ಬಿಟ್ಟು ಓಡಿತು. ಇಟಲಿಯ ಸೈನ್ಯ ಗೋಡೆ ಒಡೆದು ರೋಮ್ ಹೊಕ್ಕಿತು. ಮರುವರ್ಷ ಒನೊರಾಟೊ ನನ್ನನ್ನು ಹೊರಡಿಸಿದ. ಮೆಂಟಾನಾದ ಗೋಡೆಯ ಬುಡ ಅಗೆದು, ಎಲುಬುಗಳನ್ನು ವೈನಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿಟ್ಟು ನನ್ನ ಮೇಲೆ ಕಟ್ಟಿದ. ನಾನು ಹೊತ್ತ ಹೇರುಗಳಲ್ಲಿ ಅದೇ ಹಗುರ.

ಬೆಟ್ಟ ದಾಟಿ ಮೇಲಿನ ಊರಿಗೆ ಬಂದೆವು. ತಂದೆಯ ಪಕ್ಕದಲ್ಲಿ ಹೂಳೋಣ ಎಂದು ಒನೊರಾಟೊ ಹೇಳಿದಾಗ ಕಟೆರಿನಾ ಒಪ್ಪಿ ಜೊತೆಗೆ ನಡೆದಳು. ಸುಂಕದ ಕಟ್ಟೆಯಲ್ಲಿ ಫ್ರೆಂಚ್ ಕಾವಲುಗಾರ ತಡೆದ. ಪೆಟ್ಟಿಗೆಯಲ್ಲಿ ಏನಿದೆ, ಬಿಚ್ಚಿ ತೋರಿಸಿ ಎಂದ. ಒನೊರಾಟೊ ಹಗ್ಗಕ್ಕೆ ಕೈ ಹಾಕಿದ. ಕಟೆರಿನಾ ಅವನ ಕೈ ಹಿಡಿದಳು.

"ಹೇಗೆ ಸತ್ತ? ಅಲ್ಲಿ ನೀನಿದ್ದೆಯಾ?"

ಅವನು ಹೇಳಿದ. ತಾನು ಕೂಗಿದ್ದನ್ನು, ತಮ್ಮ ಎದ್ದು ನಿಂತದ್ದನ್ನು, ತಮ್ಮನ ಕೊನೆಯ ಮಾತನ್ನು, ಒಂದನ್ನೂ ಬಿಡದೆ ಹೇಳಿದ. ಅವಳು ಅಳಲಿಲ್ಲ. ಕಟ್ಟೆಯ ಮೇಲೆ ಕೂತು ತನ್ನ ಅಂಗೈ ನೋಡಿಕೊಂಡಳು.

"ಕೂಗು ಕಲಿಸಿದ್ದು ನಾನು, ನಿನ್ನ ತಪ್ಪಿಲ್ಲ," ಎಂದಳು. "ಆದ್ರೆ ಇವನನ್ನ ಕೊಂದವರ ನೆಲದಲ್ಲಿ ಇವನನ್ನ ಇಡಲ್ಲ. ಇವನು ಈ ಕಡೆ ಇರ್ಲಿ. ನಾನೂ ಇವನ ಪಕ್ಕ ಬರ್ತೀನಿ. ನಿಮ್ಮಪ್ಪ ಅಲ್ಲಿ ಒಬ್ರೇ ಆಗ್ತಾರೆ, ಅವ್ರ ಹತ್ರ ನೀನು ಹೋಗು, ಮಗಾ."

ನನ್ನ ಹಗ್ಗವನ್ನು ಅವಳೇ ಹಿಡಿದಳು. ಒನೊರಾಟೊ ಬರಿಗೈಯಲ್ಲಿ ಕೆಳಗಿಳಿದ.

ಈಗ ನನ್ನ ಹಲ್ಲು ಸವೆದಿವೆ. ಮೇಲಿನ ಊರಿನ ಲಾಯದ ಮೂಲೆಯಲ್ಲಿ ನೆನೆಸಿದ ಹೊಟ್ಟು ತಿಂದುಕೊಂಡು ನಿಂತಿದ್ದೇನೆ. ಇಟಲಿಯನ್ನು ಎತ್ತಿ ನಿಲ್ಲಿಸಿದ್ದು ಫ್ರಾನ್ಸೋ, ಅದರ ಕಾಲೆಳೆದದ್ದು ಫ್ರಾನ್ಸೋ ಎಂದು ಹೊರಗೆ ಗಂಡಸರು ವಾದ ಮಾಡುತ್ತಾರೆ. ಎರಡೂ ನಿಜ. ಎರಡರ ಹೆಣಗಳನ್ನೂ ನಾನು ಕಂಡಿದ್ದೇನೆ. ದೇಶ ಕಟ್ಟುವವರ ಮೇಲೆ ನನಗೆ ಸಿಟ್ಟಿಲ್ಲ, ನಂಬಿಕೆಯೂ ಇಲ್ಲ.

ಹೋದ ಚಳಿಗಾಲ ಕಟೆರಿನಾ ತೀರಿಕೊಂಡಳು. ಅವಳ ಮಾತಿನಂತೆ ಬತ್ತಿಸ್ಟಾನ ಪಕ್ಕದಲ್ಲೇ ಗುಂಡಿ ತೋಡಿದರು. ಒನೊರಾಟೊ ಹೆಗಲು ಕೊಟ್ಟ, ಮಣ್ಣು ಹಾಕಿದ. ಆಮೇಲೆ ಲಾಯಕ್ಕೆ ಬಂದು ನನ್ನ ಹರಿದ ಕಿವಿಯನ್ನು ಹಿಡಿದು ನಿಂತ. ಇನ್ನೂ ನಿಲ್ಲುತ್ತಿದ್ದನೇನೋ. ಕತ್ತಲಾದರೆ ಗಡಿಯ ಬಾಗಿಲು ಹಾಕುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ, ಕೈಯ ಮಣ್ಣನ್ನೂ ತೊಳೆಯದೆ ಬೇಗ ಬೇಗ ಇಳಿದು ಹೋದ.