ಎರಡನೆಯ ತಂತಿಯ ಗಂಟು

ಮಗ್ಗ ನಿಂತಿತು, ಈಗಷ್ಟೇ ಖಟಖಟ ಅನ್ನುತ್ತಿತ್ತು, ಗಿಟಾರು ತೊಡೆಗೆ ತಾಗಿದ್ದೇ ತಡ ನಿಂತಿತು, ಯಾವಾಗಲೂ ಹೀಗೇ, ಅತ್ತೆಗೆ ಇದರ ಸದ್ದು ಸೇರುವುದಿಲ್ಲ ಎಂದು ಚೇತನಾ ಎಂಟು ತಿಂಗಳಿಂದ ಕದ ಮುಂದೆ ಮಾಡಿಕೊಂಡೇ ಬಾರಿಸುತ್ತಾಳೆ, ಇವತ್ತು ನೋಡಿದರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ, ನಿನ್ನೆ ಹರಿದಿದ್ದ ಎರಡನೆಯ ತಂತಿಗೆ ಗಂಟು – ಅತ್ತೆ ಚಂದ್ರವ್ವನ ಗಂಟು, ಸೀರೆಯ ರೇಷ್ಮೆ ಎಳೆ ಹರಿದಾಗ ಉಗುಳು ಹಚ್ಚಿ ಎರಡು ಬೆರಳಲ್ಲಿ ಹೊಸೆದು ಕಣ್ಣಿಗೆ ಕಾಣದ ಹಾಗೆ ಹಾಕುವ ಗಂಟು, ತಂತಿಯಲ್ಲಿ ಮಾತ್ರ ಜೋಳದ ಕಾಳಿನಷ್ಟು ಎದ್ದು ಕಾಣುತ್ತದೆ. ಹರದದ್ದನ್ನ ಹಂಗ ಬಿಡಬಾರದವಾ, ಅಂದಳು, ಅಷ್ಟೇ ಅಂದಳು, ತಂತಿ ಚುಚ್ಚಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ತಂತಿಗೆ ಗಂಟು ಹಾಕಬಾರದು, ಆದರೂ ಚೇತನಾ ಗಿಟಾರು ಎತ್ತಿಕೊಂಡು ಕದ ಮುಂದೆ ಮಾಡಿದಳು.

ತಂತಿ ಬಿಗಿಯಲು ಬಿರಡೆ ತಿರುವಿದರೆ ಗಂಟು ಜಾರುತ್ತದೆ, ಅರ್ಧ ಸ್ವರ ಕೆಳಗೇ ನಿಲ್ಲುತ್ತದೆ, ನಿಂತರೆ ಗಂಡ ಶ್ರೀಶೈಲನ ಸ್ವರಕ್ಕೆ ಕೂಡುವುದಿಲ್ಲ, ಅದು ಫೋನಿನಲ್ಲಿದೆ, ಒಂದೇ ಸ್ವರ, ಐದು ನಿಮಿಷ ಬಿಡದೆ ಬಾರಿಸಿ ತುಂಬಿಟ್ಟದ್ದು, ಹುನಗುಂದದ ಕಾಲೇಜಿನಿಂದ ಬಂದವನು ಚಹಾ ಕೂಡ ಕುಡಿಯದೆ, ನೋಡು ಚೇತೂ, ಸ್ವರ ಅವಽ ಏಳು, ಹೊಸಾವು ಎಲ್ಲಿಂದ ತರೂಣು, ಯಾವುದರ ಮ್ಯಾಲೆ ನಿಲ್ತಿ ಅನ್ನೂದಷ್ಟ ಬದಲಿ, ಎರಡನೇದ್ರ ಮ್ಯಾಲೆ ನಿಂತ್ರ ಡೋರಿಯನ್ ಅನ್ನೂ ರಾಗ, ಮೂರನೇದ್ರ ಮ್ಯಾಲೆ ಫ್ರಿಜಿಯನ್, ಎಮ್ಮೆಸ್ಸಿ ಮಾಡಿದಾಕಿಗೆ ಏಳರ ಲೆಕ್ಕ ತಿಳೀವಲ್ದೇನು – ತಿಳಿದಿತ್ತು, ಬೆರಳಿಗೆ ತಿಳಿದಿರಲಿಲ್ಲ, ಬೆರಳು ಪ್ರತಿಸಲ ಮೊದಲನೆಯದಕ್ಕೇ ಓಡಿ ಅಲ್ಲೇ ಮುಗಿಸುತ್ತಿತ್ತು, ಅದಕ್ಕೇ ಈ ಸ್ವರ, ಇದು ಕೆಳಗ ನಡದಿರತದ, ನೀ ಮ್ಯಾಲೆ ಆಡು, ತಪ್ಪಿದ್ರ ಅದಽ ಎಳದು ತರ್ತದ. ಆ ವಾರವೇ ಕೂಡಲಸಂಗಮದ ಕ್ರಾಸಿನಲ್ಲಿ ಲಾರಿ ಹಾಯ್ದು ಅವನು ಹೋದ. ಈಗ ಡೋರಿಯನ್ ಬರುತ್ತದೆ, ಅದರ ಆರನೆಯ ಸ್ವರ ಎರಡನೆಯ ತಂತಿಯಲ್ಲೇ ಇದೆ, ಅಲ್ಲಿ ಒತ್ತಬ್ಯಾಡ, ಖುಲ್ಲಾ ಬಿಡು, ತಾನಽ ನುಡೀತದ, ಎಂದು ಅವಳ ಎಡಗೈಯನ್ನು ಹಿಡಿದು ಮೇಲೆತ್ತಿದ್ದ, ಅವನ ಬೆರಳಿಗೆ ಸೀಮೆಸುಣ್ಣದ ವಾಸನೆ, ದಿನಕ್ಕೊಮ್ಮೆ ಆ ಸ್ವರಕ್ಕೆ ಬಂದು ಕೈ ಎತ್ತಿದಾಗ ಮಾತ್ರ ಮಣಿಕಟ್ಟು ಬೆಚ್ಚಗಾಗುತ್ತದೆ, ಉಳಿದ ದಿನವೆಲ್ಲ ಮೈ ಯಾರದೋ.

ಬಾಗಲಕೋಟೆಯಿಂದ ಹೊಸ ತಂತಿ ತರಿಸಬಹುದು, ಗಂಟು ಕತ್ತರಿಸಬೇಕು, ಕತ್ತರಿಸಿದ್ದನ್ನು ಅತ್ತೆ ನೋಡುತ್ತಾಳೆ, ಬೇಡ, ಫೋನು ಬೋರಲು ಹಾಕಿ ಅವನ ಸ್ವರವಿಲ್ಲದೆ ಬಾರಿಸುತ್ತಾಳೆ, ಆರನೆಯದು ಇಳಿದುಹೋಯಿತು, ಮಣಿಕಟ್ಟು ತಣ್ಣಗೇ ಇದೆ, ಕದ ಸರಿಯಿತು, ಚಂದ್ರವ್ವ ಇಣುಕಿದಳು, ಅವಂದ್ಯಾಕ ಹಚ್ಚಲಿಲ್ಲ? ಯಾವುದು ಅತ್ತಿ? ಗುಂಯ್ ಅಂತದಲ್ಲ, ನನ್ನ ಮಗಂದು, ಅದು ಕೇಳಲಿ ಅಂತಽ ಮಗ್ಗ ನಿಲ್ಲಸ್ತೇನಿ ನಾ, ನಿನಗೇನು ನನ್ನ ಕಾಲು ನೋಯ್ತಾವಂತ ಅನಿಸಿತ್ತೇನು. ಎಂಟು ತಿಂಗಳು, ಕದದ ಆಚೆ, ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು, ಲಾಳಿ ಕೈಯಲ್ಲಿ ಹಿಡಿದುಕೊಂಡು.

ಫೋನು ಒತ್ತಿದಳು, ಅವನ ಸ್ವರ ಬಂತು, ಅತ್ತೆ ಹೊಸ್ತಿಲ ಮೇಲೆ ಕುಳಿತು ಕಣ್ಣು ಮುಚ್ಚಿದಳು, ಬಿರಡೆಯ ಮೇಲೆ ಬೆರಳು, ಗಂಟು ಜಾರಿತು, ನಿಂತಿತು, ಇನ್ನೊಂದಿಷ್ಟು, ಗಂಟು ತನ್ನ ತುದಿಯನ್ನು ತಾನೇ ನುಂಗಿಕೊಂಡು ಸಣ್ಣದಾಯಿತು, ಇನ್ನೊಂದಿಷ್ಟು, ಕೂಡಿತು – ಒಂದು, ಎರಡು, ಮೂರು, ನಾಲ್ಕು, ಐದು, ಎಡಗೈ ಎತ್ತಿದಳು, ಆರನೆಯದು ತಾನೇ ನುಡಿಯಿತು, ಏಳನೆಯದಕ್ಕೆ ಹೋಗಬೇಕು, ಹೋಗುತ್ತಿಲ್ಲ, ಕೈ ಗಾಳಿಯಲ್ಲೇ ಇದೆ, ಗಂಟು ನಡುಗುತ್ತಿದೆ, ಗಂಟು.